ಒಂದು ರಾತ್ರಿ ಅಂದ್ರೆ 960 ತುಂಡು

ಇಯರ್‌ಫೋನ್ ಹಾಕ್ಕೊಂಡು ಹಾಸಿಗೆ ಮೇಲೆ ಬಿದ್ಕೊಂಡು ಕೇಳ್ತಾ ಇದ್ದೀರಾ? ಹಾಗಾದ್ರೆ ಇವತ್ತಿನ ಎಪಿಸೋಡ್ ನಿಮಗೇ. ಬೇರೆಯವರು ನಿದ್ದೆ ಮಾಡೋದನ್ನ ನೋಡ್ತಾ ರಾತ್ರಿಯೆಲ್ಲ ಎದ್ದಿರೋ ಒಬ್ಬಳ ಕೆಲಸದ ಬಗ್ಗೆ ಇವತ್ತು ಮಾತಾಡೋಣ.

ಅವಳು ನನ್ನ ಹೈಸ್ಕೂಲ್ ಗೆಳತಿ. ನಾನು ಬಿಕಾಂ ಮಾಡಿದೆ, ಅವಳು ಸೈನ್ಸ್ ಕಡೆ ಹೋದ್ಲು. ಈಗ ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಜೂನಿಯರ್ ರಿಸರ್ಚ್ ಫೆಲೋ. ನಿದ್ದೆಗೂ ನೆನಪಿಗೂ ಏನು ಸಂಬಂಧ ಅನ್ನೋದೇ ಅವಳ ವಿಷಯ. "ಮಲಗಿರೋರನ್ನ ನೋಡೋಕೂ ಸಂಬಳ ಕೊಡ್ತಾರೇನೇ?" ಅಂತ ಅವಳಮ್ಮ ಇವತ್ತಿಗೂ ಕೇಳ್ತಾರೆ. ಕೊಡ್ತಾರೆ. 2023ರಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ. ತಿಂಗಳು ತಿಂಗಳು ಬರುತ್ತೆ ಅಂತ ಮಾತ್ರ ಅಂದ್ಕೋಬೇಡಿ. ಒಮ್ಮೆ ಮೂರು ತಿಂಗಳು ಬರದೆ, ಪಿಜಿ ಬಾಡಿಗೆಗೆ ನನ್ನ ಹತ್ರ ಸಾಲ ತಗೊಂಡಿದ್ಲು.

ಮೆಷಿನ್ ಟ್ರಯಲ್ ನೋಡೋಕೆ ಒಂದು ತಲೆ ಬೇಕು ಅಂದ್ಲು, ನಾನು ಹೋದೆ. ಹಿಂದಿನ ದಿನವೇ ಮೆಸೇಜ್: "ತಲೆಗೆ ಎಣ್ಣೆ ಹಚ್ಕೋಬೇಡ ಕಣೋ, ಮಧ್ಯಾಹ್ನದ ಮೇಲೆ ಕಾಫಿ ಬೇಡ." ಎಣ್ಣೆ ಇದ್ರೆ ಎಲೆಕ್ಟ್ರೋಡ್ ಸರಿಯಾಗಿ ಕೂರಲ್ಲ. ಸಂಜೆ ಒಂದಷ್ಟು ಜೋಡಿ ಪದಗಳನ್ನ ಬಾಯಿಪಾಠ ಮಾಡಿಸಿದ್ಲು. ಆಮೇಲೆ ತಲೆಗೆ, ಕಣ್ಣಿನ ಪಕ್ಕಕ್ಕೆ, ಗಲ್ಲಕ್ಕೆ ಪೇಸ್ಟ್ ಹಚ್ಚಿ ವೈರ್ ಅಂಟಿಸಿದ್ಲು. ಕನಸು ಹೆಚ್ಚಾಗಿ ಬೀಳೋ ಆರ್‌ಇಎಂ ನಿದ್ದೆಯಲ್ಲಿ ರೆಪ್ಪೆಯೊಳಗೆ ಕಣ್ಣು ಓಡಾಡುತ್ತೆ, ಗಲ್ಲದ ಸ್ನಾಯು ಸಡಿಲ ಆಗುತ್ತೆ. ಅದನ್ನ ಹಿಡಿಯೋಕೆ ಇಷ್ಟೆಲ್ಲ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ, ನಾನು ಮಲಗಿಬಿಟ್ಟೆ. ಅವಳು ಪಕ್ಕದ ರೂಮಲ್ಲಿ ಕಣ್ಣಿಗೆ ಎಣ್ಣೆ ಬಿಟ್ಕೊಂಡು ಸ್ಕ್ರೀನ್ ಮುಂದೆ ಕೂತಿದ್ಲು. ಒಂದು ವೈರ್ ಕಿತ್ತು ಬಂದ್ರೂ ಆ ಭಾಗದ ರೆಕಾರ್ಡಿಂಗ್ ಹೋಯ್ತು.

ಬೆಳಿಗ್ಗೆ ಪದಗಳನ್ನ ಮತ್ತೆ ಕೇಳಿದ್ಲು. ನನ್ನ ಕೆಲಸ ಮುಗೀತು, ಅವಳದ್ದು ಶುರುವಾಯ್ತು. ರೆಕಾರ್ಡಿಂಗ್‌ನ 30 ಸೆಕೆಂಡಿನ ತುಂಡುಗಳಾಗಿ ನೋಡಿ, ಇದು ಹಗುರ ನಿದ್ದೆ, ಇದು ಗಾಢ ನಿದ್ದೆ, ಇದು ಆರ್‌ಇಎಂ ಅಂತ ಗುರುತು ಹಾಕಬೇಕು. 8 ಗಂಟೆಗೆ 960 ತುಂಡು. ಲೆಡ್ಜರ್ ಎಂಟ್ರಿ ಥರಾನೇ. ಯಾರು ಯಾವ ಗುಂಪಿನವರು ಅಂತ ಗುರುತು ಹಾಕೋರಿಗೆ ಗೊತ್ತಿರಬಾರದು, ಅದಕ್ಕೆ ಫೈಲ್ ಮೇಲೆ ಬರೀ ನಂಬರ್.

ಇಷ್ಟು ಕಷ್ಟ ಯಾಕೆ? 1924ರಲ್ಲಿ ಅಮೆರಿಕದ ಕಾರ್ನೆಲ್ ಯೂನಿವರ್ಸಿಟಿಯಲ್ಲಿ ಜೆಂಕಿನ್ಸ್, ಡಾಲೆನ್‌ಬ್ಯಾಕ್ ಅನ್ನೋರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗಳನ್ನ ಬಾಯಿಪಾಠ ಮಾಡಿಸಿದ್ರು. ಎಚ್ಚರ ಇದ್ದಾಗಿನಕ್ಕಿಂತ ಮಲಗಿ ಎದ್ದ ಮೇಲೆ ಹೆಚ್ಚು ನೆನಪಿತ್ತು. 1994ರಲ್ಲಿ ವಿಲ್ಸನ್, ಮೆಕ್‌ನಾಟನ್ ಇಲಿಗಳ ಮಿದುಳಲ್ಲಿ ಇನ್ನೊಂದು ಕಂಡ್ರು. ಇಲಿ ಓಡಾಡುವಾಗ ಒಟ್ಟಿಗೆ ಮಿಡಿದ ಕೋಶಗಳು, ಆಮೇಲೆ ಅದು ನಿದ್ದೆ ಮಾಡುವಾಗಲೂ ಒಟ್ಟಿಗೆ ಮಿಡಿದವು. ದಿನದ ಪಾಠವನ್ನ ಮಿದುಳು ರಾತ್ರಿ ಮತ್ತೆ ತಿರುವಿ ಹಾಕ್ತಾ ಇರೋ ಹಾಗೆ.

ಈಗ ಅಸಲಿ ವಿಷಯ. ಒಂದೂವರೆ ವರ್ಷ ರಾತ್ರಿ ನಿದ್ದೆಗೆಟ್ಟ ಮೇಲೆ ಅವಳ ಲೆಕ್ಕ ಹೊರಬಂತು. ನಿರೀಕ್ಷಿಸಿದ್ದ ವ್ಯತ್ಯಾಸ ಕಾಣಲಿಲ್ಲ. ಒಬ್ಬ ಸೀನಿಯರ್ ಬಂದು, "ಈ ನಾಲ್ಕು ಜನರನ್ನ ತೆಗೆದುಬಿಡು, ಸರಿಯಾಗಿ ಮಲಗಿಲ್ಲ ಅಂತ ಬರಿ, ರಿಸಲ್ಟ್ ಬರುತ್ತೆ" ಅಂದ್ರಂತೆ. ನಮ್ಮ ಕಾಮರ್ಸ್ ಭಾಷೇಲಿ ಇದಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತಾರೆ. ಯಾರನ್ನ ಕೈಬಿಡಬೇಕು ಅನ್ನೋ ನಿಯಮ ಶುರುವಿನಲ್ಲೇ ಬರೆದಿಟ್ಟಿತ್ತು. ಆ ನಾಲ್ಕು ಜನ ಅದರಲ್ಲಿ ಬರಲ್ಲ. "ಅವರು ನೆಟ್ಟಗೆ ಮಲಗಿದ್ರು ಕಣೋ, ನಾನೇ ಎದ್ದು ಕೂತು ನೋಡಿದ್ದೀನಲ್ಲ" ಅಂದ್ಲು. ಕಂಡಿದ್ದನ್ನ ಕಂಡ ಹಾಗೇ ಬರೆದ್ಲು.

ಇದಕ್ಕೆ ಬೆಲೆ ಇದೆ. ಎರಡು ವರ್ಷ ಆದ ಮೇಲೆ ರಿವ್ಯೂ ಇರುತ್ತೆ, ಒಪ್ಪಿದ್ರೆ ಸೀನಿಯರ್ ಫೆಲೋ, 42,000. "ವ್ಯತ್ಯಾಸ ಸಿಗಲಿಲ್ಲ" ಅಂತ ಆ ಕಮಿಟಿ ಮುಂದೆ ನಿಂತು ಹೇಳೋದು ಸುಲಭ ಅಲ್ಲ. ಅವಳಿಗೆ ಭಯ ಇದೆ. ಆದ್ರೆ ನಾಳೆ ಪರೀಕ್ಷೆಗೆ ಮುಂಚೆ ಮಲಗಬೇಕೋ ಓದಬೇಕೋ ಅಂತ ನಾವು ಗೂಗಲ್ ಮಾಡಿದಾಗ ಸಿಗೋ ಉತ್ತರದ ಹಿಂದೆ ಇಂಥ ಸಾವಿರಾರು ರಾತ್ರಿಗಳಿವೆ. ಅದರಲ್ಲಿ ನಾಲ್ಕನ್ನ ಮುಚ್ಚಿಟ್ರೂ ತಪ್ಪು ಲೆಕ್ಕ ನಮ್ಮ ತನಕ ಬರುತ್ತೆ.

ರಿವ್ಯೂ ಮುಂದಿನ ತಿಂಗಳು. ಏನಾಯ್ತು ಅಂತ ಖಂಡಿತ ಹೇಳ್ತೀನಿ. ಈಗ ಫೋನ್ ಪಕ್ಕಕ್ಕಿಟ್ಟು ಮಲ್ಕೊಳ್ಳಿ. ಶುಭರಾತ್ರಿ.