ಕುಕ್ಕರ್ ಕೂಗಿದರೆ ರೋಗಾಣು ಸಾಯುತ್ತದೆಯೇ?



ಕುಕ್ಕರ್ ಮೂರು ಸಲ ಕೂಗಿತು. ಬೇಳೆ ಬೆಂದಿತು. "ಒಳಗೆ ಅಷ್ಟು ಒತ್ತಡ ಇರುತ್ತೆ, ಯಾವ ರೋಗಾಣು ಉಳಿಯುತ್ತೆ?" ಅಂತ ನಾವು ಮಾತಾಡಿಕೊಳ್ಳುತ್ತೇವೆ. ಈ ಮಾತು ಅರ್ಧ ನಿಜ. ರೋಗಾಣು ಸಾಯುವುದು ನಿಜ. ಆದರೆ ಅದನ್ನು ಕೊಲ್ಲುವುದು ಒತ್ತಡ ಅಲ್ಲ. ಮತ್ತೆ ಯಾವುದು? ಇವತ್ತು ಅದನ್ನೇ ನೋಡೋಣ.

ಬ್ಯಾಕ್ಟೀರಿಯಾ ಎಂಬ ಹೆಸರು ಕೇಳಿದ್ದೀರಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿ. ಎಲ್ಲವೂ ಕೆಟ್ಟವಲ್ಲ. ಹಾಲನ್ನು ಮೊಸರು ಮಾಡುವುದೂ ಬ್ಯಾಕ್ಟೀರಿಯಾವೇ. ಕೆಲವು ಮಾತ್ರ ರೋಗ ತರುತ್ತವೆ.

ನಮ್ಮೆಲ್ಲರ ಮೇಲೆ ಗಾಳಿಯ ಭಾರ ಇದೆ. ಹುಟ್ಟಿದಾಗಿನಿಂದ ಹೊತ್ತಿದ್ದೇವೆ, ಅದಕ್ಕೇ ಗೊತ್ತಾಗೋಲ್ಲ. ಕುಕ್ಕರಿನ ಒಳಗೆ ಈ ಒತ್ತಡ ಸುಮಾರು ಎರಡರಷ್ಟು ಆಗುತ್ತದೆ. ಅಷ್ಟೇ. ಬ್ಯಾಕ್ಟೀರಿಯಾಕ್ಕೆ ಇದು ಲೆಕ್ಕಕ್ಕೇ ಇಲ್ಲ.

ಸಮುದ್ರದ ಆಳದಲ್ಲಿ ಇದಕ್ಕಿಂತ ಎಷ್ಟೋ ಹೆಚ್ಚು ಒತ್ತಡ ಇದೆ. ಪ್ರತಿ 10 ಮೀಟರ್ ಕೆಳಗೆ ಹೋದಾಗ ಇನ್ನೊಂದು ಗಾಳಿಯ ಭಾರದಷ್ಟು ಒತ್ತಡ ಕೂಡುತ್ತದೆ. ಪೆಸಿಫಿಕ್ ಸಾಗರದಲ್ಲಿ ಮರಿಯಾನಾ ಎಂಬ ಕಂದಕ ಇದೆ. ಅದರ ಆಳ ಸುಮಾರು 11 ಕಿಲೋಮೀಟರ್. ತಳದಲ್ಲಿ ಒತ್ತಡ ನಮ್ಮಲ್ಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು. ಅಲ್ಲೂ ಬ್ಯಾಕ್ಟೀರಿಯಾ ಬದುಕಿವೆ! ಆ ಕಂದಕದಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾದ ವಿಷಯವನ್ನು 1981ರಲ್ಲಿ ಅಮೆರಿಕದ ಯಯಾನೋಸ್ ಮತ್ತು ಜೊತೆಗಾರರು ತಿಳಿಸಿದರು. ಒತ್ತಡ ಕಡಿಮೆ ಮಾಡಿದರೆ ಅದು ಬೆಳೆಯಲೇ ಇಲ್ಲವಂತೆ. ಭಾರ ಇದ್ದರೇ ಅದಕ್ಕೆ ಸುಖ.

ಹೇಗೆ ಬದುಕುತ್ತವೆ? ಇದು ನಮ್ಮ ಅಡುಗೆಮನೆಯಲ್ಲೇ ಅರ್ಥವಾಗುವ ಸಂಗತಿ. ನಮಗಂತೂ ಬಹಳ ಇಷ್ಟವಾಯಿತು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ. ಕಡಲೆಕಾಯಿ ಎಣ್ಣೆ ಹಾಗೆ ಗಟ್ಟಿಯಾಗೋಲ್ಲ, ಅಲ್ವೇ? ಬ್ಯಾಕ್ಟೀರಿಯಾದ ಮೈಸುತ್ತ ಜಿಡ್ಡಿನಿಂದಾದ ತೆಳುವಾದ ಪೊರೆ ಇದೆ. ಅದರ ಮೂಲಕವೇ ಆಹಾರ ಒಳಗೆ ಬರಬೇಕು, ಕಸ ಹೊರಗೆ ಹೋಗಬೇಕು. ಚಳಿ ಮಾಡುವ ಕೆಲಸವನ್ನೇ ಒತ್ತಡವೂ ಮಾಡುತ್ತದೆ. ಪೊರೆಯ ಜಿಡ್ಡು ಗಟ್ಟಿಯಾಗುತ್ತದೆ. ಆಗ ಒಳಗೆ ಹೊರಗೆ ಓಡಾಟ ನಿಲ್ಲುತ್ತದೆ. ಆಳ ಸಮುದ್ರದ ಬ್ಯಾಕ್ಟೀರಿಯಾ ಏನು ಮಾಡುತ್ತವೆ ಗೊತ್ತೇ? ಬೇಗ ಗಟ್ಟಿಯಾಗದ ಜಾತಿಯ ಜಿಡ್ಡನ್ನೇ ಪೊರೆಯಲ್ಲಿ ಹೆಚ್ಚಾಗಿ ತುಂಬಿಕೊಳ್ಳುತ್ತವೆ. ಓದುಬರಹ ಇಲ್ಲದ ಜೀವಿಗೆ ಎಂಥ ಜಾಣತನ!

ನಮ್ಮ ಕರುಳಿನಲ್ಲಿರುವ ಬ್ಯಾಕ್ಟೀರಿಯಾಕ್ಕೆ ಆ ಅಭ್ಯಾಸ ಇಲ್ಲ. ಕೆಲವು ನೂರು ಪಟ್ಟು ಒತ್ತಡ ಬಿದ್ದರೆ ಒಂದು ಎರಡಾಗುವುದು ನಿಂತುಹೋಗುತ್ತದೆ. ಶಾವಿಗೆಯ ಹಾಗೆ ಉದ್ದಕ್ಕೆ ಬೆಳೆಯುತ್ತವೆ. ಒತ್ತಡ ತೆಗೆದರೆ ಮತ್ತೆ ತುಂಡಾಗಿ ಹೆಚ್ಚುತ್ತವೆ. ಒತ್ತಡ ಕೆಲವು ಸಾವಿರ ಪಟ್ಟು ಆದರೆ ಮಾತ್ರ ಬಹುಪಾಲು ಸಾಯುತ್ತವೆ. 1899ರಲ್ಲಿ ಅಮೆರಿಕದ ಹೈಟ್ ಎಂಬುವರು ಹಾಲನ್ನು ಭಾರೀ ಒತ್ತಡಕ್ಕೆ ಒಡ್ಡಿ ನೋಡಿದರು. ಹಾಲು ಬೇಗ ಹುಳಿಯಾಗಲಿಲ್ಲ. ಈಗ ಕೆಲವು ಕಾರ್ಖಾನೆಗಳಲ್ಲಿ ಹಣ್ಣಿನ ರಸವನ್ನು ಹೀಗೆ ಕಾಪಾಡುತ್ತಾರೆ. ಅಲ್ಲಿನ ಒತ್ತಡ 4,000ದಿಂದ 6,000 ಪಟ್ಟು.

ಅಷ್ಟಕ್ಕೂ ಜಗ್ಗದವು ಇವೆ. ಕೆಲವು ಬ್ಯಾಕ್ಟೀರಿಯಾ ಕಷ್ಟ ಬಂದಾಗ ಬೀಜದ ರೂಪ ತಾಳುತ್ತವೆ. ಇದಕ್ಕೆ ಬೀಜಾಣು ಅನ್ನುತ್ತಾರೆ. ಒಣಗಿದ ರಾಗಿ ಕಾಳನ್ನು ನೆನಪು ಮಾಡಿಕೊಳ್ಳಿ. ಒಳಗೆ ನೀರು ಬಹಳ ಕಡಿಮೆ. ಹೊರಗೆ ಗಟ್ಟಿ ಸಿಪ್ಪೆ. ಬರೀ ಒತ್ತಡಕ್ಕೆ ಅದು ಸಾಯೋಲ್ಲ. ಕುದಿಯುವ ನೀರಿನಲ್ಲೂ ಎಷ್ಟೋ ಉಳಿದುಬಿಡುತ್ತವೆ.

ಹಾಗಾದರೆ ಕುಕ್ಕರಿನಲ್ಲಿ ಕೊಲ್ಲುವುದು ಯಾವುದು? ಶಾಖ. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಅದಕ್ಕಿಂತ ಹೆಚ್ಚು ಬಿಸಿ ಆಗೋಲ್ಲ. ಮುಚ್ಚಿದ ಕುಕ್ಕರಿನಲ್ಲಿ ಒತ್ತಡ ಏರುವುದರಿಂದ ಬಿಸಿ ಸುಮಾರು 120 ಡಿಗ್ರಿಗೆ ಏರುತ್ತದೆ. ಒತ್ತಡ ಇಲ್ಲಿ ಶಾಖದ ಏಣಿ ಮಾತ್ರ. ಆ ಶಾಖ ಬೇಕಾದಷ್ಟು ಹೊತ್ತು ನಿಂತರೆ ಬೀಜಾಣುವೂ ಸಾಯುತ್ತದೆ.

ಬಸಿದು ಮಾಡಿದ ಅನ್ನದಲ್ಲಿ ಅಂಥ ಬೀಜಾಣು ಉಳಿದಿರಬಹುದು. ಅನ್ನ ಬಿಸಿ ಇರುವವರೆಗೆ ತೊಂದರೆ ಇಲ್ಲ. ಉಗುರುಬೆಚ್ಚಗೆ ಗಂಟೆಗಟ್ಟಲೆ ಬಿಟ್ಟರೆ ಅವು ಮೊಳೆತು ಹೆಚ್ಚಿ ವಿಷ ಬಿಡುತ್ತವೆ. ಆಮೇಲೆ ಎಷ್ಟು ಬಿಸಿ ಮಾಡಿದರೂ ವಾಂತಿ ತರಿಸುವ ಆ ವಿಷ ಹೋಗೋಲ್ಲ. ಕುಕ್ಕರಿನ ಅನ್ನವಾದರೂ ಅಷ್ಟೇ, ಮುಚ್ಚಳ ತೆಗೆದ ಮೇಲೆ ಸೌಟು, ಕೈಯಿಂದ ರೋಗಾಣು ಸೇರಬಹುದು. ಫ್ರಿಜ್ ಇದ್ದರೆ ಬೇಗ ಆರಿಸಿ ಅದರಲ್ಲಿಡಿ. ಇಲ್ಲದಿದ್ದರೆ ಒಂದು ಹೊತ್ತಿಗೆ ಬೇಕಾದಷ್ಟೇ ಮಾಡಿ. ಬೇಸಿಗೆಯಲ್ಲಂತೂ ಮಕ್ಕಳಿಗೆ ರಾತ್ರಿಯ ಅನ್ನ ಬೇಡ.

ಇನ್ನೊಂದು ಬೀಜಾಣು ಅನ್ನಕ್ಕಿಂತ ಘೋರ. ಧನುರ್ವಾಯು ತರುವಂಥದ್ದು. ಅದು ಮಣ್ಣಿನಲ್ಲಿ, ಸಗಣಿಯಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಹಿಂದೆ ಕುಡುಗೋಲಿನಿಂದ, ಹಳೆಯ ಬ್ಲೇಡಿನಿಂದ ಹೊಕ್ಕುಳ ಬಳ್ಳಿ ಕೊಯ್ದು ಎಷ್ಟು ಹಸುಗೂಸುಗಳು ಹೋದವೋ! ಗರ್ಭಿಣಿಯರ ಚುಚ್ಚುಮದ್ದು, ಶುಚಿಯಾದ ಹೆರಿಗೆ, ಇವುಗಳಿಂದ ಆ ಸಾವು ಬಹಳ ಕಡಿಮೆಯಾಯಿತು. 2015ರಲ್ಲಿ ಭಾರತ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿತು. ಬೀಜಾಣು ಮಾತ್ರ ಇನ್ನೂ ಮಣ್ಣಿನಲ್ಲೇ ಇದೆ. ಅದಕ್ಕೇ ಚುಚ್ಚುಮದ್ದನ್ನು ಬಿಡುವ ಹಾಗಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯ ಕತ್ತರಿ, ಬಟ್ಟೆಗಳನ್ನು ಆಟೋಕ್ಲೇವ್ ಎಂಬ ಪೆಟ್ಟಿಗೆಯಲ್ಲಿ ಇಡುತ್ತಾರೆ. ಅದು ಕುಕ್ಕರಿನ ದೊಡ್ಡಕ್ಕ ಅನ್ನಿ. ಗಾಳಿ ಹೊರಗೆ ಹಾಕಿ, ಹಬೆಯಲ್ಲಿ 121 ಡಿಗ್ರಿ ಶಾಖವನ್ನು ಕನಿಷ್ಠ 15 ನಿಮಿಷ ನಿಲ್ಲಿಸುತ್ತಾರೆ. ಬಟ್ಟೆ ಸುತ್ತಿದ ಗಂಟಾದರೆ ಇನ್ನೂ ಹೆಚ್ಚು ಹೊತ್ತು. ಗಂಟಿನ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ. ಶಾಖ ತಾಕಿದರೆ ಅದರಲ್ಲಿ ಕಪ್ಪು ಗೆರೆ ಮೂಡುತ್ತದೆ. ಹೆರಿಗೆಗೆ ಜೊತೆಯಲ್ಲಿ ಹೋದಾಗ, "ಸಿಸ್ಟರ್, ಪಟ್ಟಿಯಲ್ಲಿ ಗೆರೆ ಬಂದಿದೆಯಾ?" ಅಂತ ನಾವು ಕೇಳಬಹುದು.