ಬಾಟಲಿಯ ಮೇಲಿನ ಚೀಟಿ ಓದಿರಿ! ಜೀವ ಉಳಿಸಿಕೊಳ್ಳಿರಿ!

(ಬಳಗದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತಿನ ಬರಹರೂಪ)



ನಾನು ಪ್ರೊಫೆಸರ್ ಅಲ್ಲ. ಪಿಯುಸಿ ಮುಗಿಸಿ ಅಚ್ಚಿನಮನೆ ಸೇರಿದವನು. ಯೂನಿವರ್ಸಿಟಿಯ ರಸಾಯನಶಾಸ್ತ್ರ ಪ್ರಯೋಗಾಲಯದ ಬಗ್ಗೆ ಮಾತಾಡಲು ಇವನಿಗೇನು ಹಕ್ಕು ಎಂದು ನೀವು ಕೇಳಬಹುದು. ರೋಲರ್ ತೊಳೆಯುವ ಸೀಮೆಎಣ್ಣೆ, ಥಿನ್ನರ್, ಎಣ್ಣೆ ಕುಡಿದ ಬಟ್ಟೆಚೂರು, ಇವುಗಳ ನಡುವೆಯೇ ನನ್ನ ದಿನ ಕಳೆಯುತ್ತದೆ. ಒಂದು ಕಿಡಿ ಏನು ಮಾಡಬಲ್ಲದು ಎಂಬುದು ನನಗೆ ಗೊತ್ತು. ಅಷ್ಟು ಹಕ್ಕು ಸಾಕು.

ನಿಮ್ಮಲ್ಲಿ ಎಷ್ಟೋ ಜನ ಬಿ.ಎಸ್ಸಿ., ಎಂ.ಎಸ್ಸಿ. ಓದುತ್ತಿದ್ದೀರಿ. ಕೆಲವರು ಸಂಶೋಧನೆಗೆ ಅಮೆರಿಕಕ್ಕೂ ಹೋಗುವವರಿದ್ದೀರಿ. ಅಲ್ಲೆಲ್ಲ ಎಲ್ಲವೂ ಸರಿಯಾಗಿರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಹಾಗಾದರೆ ಈ ಕತೆ ಕೇಳಿ.

ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. 2008ರ ಡಿಸೆಂಬರ್ 29. ಶೆರಿ ಸಾಂಗ್ಜಿ ಎಂಬ 23 ವರ್ಷದ ಸಂಶೋಧನಾ ಸಹಾಯಕಿ ಟರ್ಷಿಯರಿ ಬ್ಯುಟೈಲ್ ಲಿಥಿಯಂ ಎಂಬ ದ್ರವವನ್ನು ಸಿರಿಂಜಿನಲ್ಲಿ ಎಳೆಯುತ್ತಿದ್ದಳು. ಇದು ಎಂಥ ವಸ್ತು ಗೊತ್ತೇ? ಗಾಳಿ ಸೋಕಿದರೆ ಸಾಕು, ತಾನೇ ಹೊತ್ತಿಕೊಳ್ಳುತ್ತದೆ. ಕಡ್ಡಿ ಗೀರಬೇಕಾಗಿಲ್ಲ. ಸಿರಿಂಜಿನ ಹಿಡಿ ಕಳಚಿ ಬಂತು. ದ್ರವ ಚೆಲ್ಲಿತು. ಆಕೆ ತೊಟ್ಟಿದ್ದ ಸಿಂಥೆಟಿಕ್ ಸ್ವೆಟರ್ ಹೊತ್ತಿ ಉರಿಯಿತು. ಮೈಮೇಲೆ ಏಪ್ರನ್ ಇರಲಿಲ್ಲ. ತುರ್ತು ಷವರ್ ಅದೇ ಕೋಣೆಯಲ್ಲಿತ್ತು. ಆದರೆ ಗಾಬರಿಯಲ್ಲಿ ಅದರ ಕೆಳಗೆ ಆಕೆಯೂ ನಿಲ್ಲಲಿಲ್ಲ, ಯಾರೂ ನಿಲ್ಲಿಸಲೂ ಇಲ್ಲ. ಹದಿನೆಂಟು ದಿನ ನರಳಿ 2009ರ ಜನವರಿ 16ರಂದು ಆಕೆ ತೀರಿಕೊಂಡಳು.

ಇನ್ನೂ ಕೇಳಿ. ಆ ಪ್ರಯೋಗಾಲಯವನ್ನು ವಿಶ್ವವಿದ್ಯಾಲಯದ ಸುರಕ್ಷತಾ ವಿಭಾಗದವರೇ ಅಕ್ಟೋಬರಿನಲ್ಲಿ ತಪಾಸಣೆ ಮಾಡಿದ್ದರು. ಇಲ್ಲಿ ಏಪ್ರನ್ ತೊಡುತ್ತಿಲ್ಲ ಎಂದು ಬರೆದಿದ್ದರು. ಕಾಗದ ಫೈಲಿನಲ್ಲಿ ಮಲಗಿತು, ಹುಡುಗಿ ಮಣ್ಣಿಗೆ ಹೋದಳು! ಆಮೇಲೆ 31,875 ಡಾಲರ್ ದಂಡ ಬಿತ್ತು. 2011ರಲ್ಲಿ ವಿಶ್ವವಿದ್ಯಾಲಯದ ಮೇಲೂ, ಆಕೆಯ ಪ್ರೊಫೆಸರ್ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಿದರು. ಅದು ಕೊನೆಗೆ ಒಪ್ಪಂದದಲ್ಲಿ ಮುಗಿಯಿತು. ಹೋದ ಜೀವ ಯಾವ ಒಪ್ಪಂದದಿಂದ ಬಂದೀತು?

ಇದೆಲ್ಲ ಕಲಿಯುವವರಿಗೆ ಆಗುವ ಅನಾಹುತ ಎನ್ನಬೇಡಿ. ಡಾರ್ಟ್‌ಮತ್ ಕಾಲೇಜಿನ ಕ್ಯಾರೆನ್ ವೆಟರ್‌ಹಾನ್ ವಿಷಲೋಹಗಳ ವಿಷಯದಲ್ಲೇ ಪರಿಣತೆ. 1996ರ ಆಗಸ್ಟಿನಲ್ಲಿ ಡೈಮೀಥೈಲ್ ಮರ್ಕ್ಯುರಿಯ ಕೆಲವೇ ಹನಿ ಅವರ ಕೈಗವಸಿನ ಮೇಲೆ ಬಿದ್ದವು. ಕೈಗವಸು ಹಾಕಿಯೇ ಇದ್ದರು! ಆದರೆ ಅದು ಲ್ಯಾಟೆಕ್ಸ್ ಕೈಗವಸು. ಆ ವಿಷ ಲ್ಯಾಟೆಕ್ಸನ್ನು ಕೆಲವೇ ಸೆಕೆಂಡಿನಲ್ಲಿ ದಾಟುತ್ತದೆ ಎಂದು ತಿಳಿದದ್ದು ಆಮೇಲೆ. ತಿಂಗಳುಗಟ್ಟಲೆ ಏನೂ ಗೊತ್ತಾಗಲಿಲ್ಲ. 1997ರ ಜೂನಿನಲ್ಲಿ ಸಾವು. ಕೈಗವಸು ಇದ್ದರೆ ಸಾಲದು, ಯಾವ ವಸ್ತುವಿಗೆ ಯಾವ ಕೈಗವಸು ಎಂದು ತಿಳಿದಿರಬೇಕು.

ನಮ್ಮ ಬೆಂಗಳೂರನ್ನೇ ನೋಡಿ. 2018ರ ಡಿಸೆಂಬರ್ 5ರಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಫೋಟವಾಯಿತು. ಅದು ಆಘಾತ ತರಂಗಗಳ ಪ್ರಯೋಗಾಲಯ, ರಸಾಯನಶಾಸ್ತ್ರದ್ದಲ್ಲ. ಆದರೆ ಸಿಡಿದದ್ದು ಹೈಡ್ರೋಜನ್ ಸಿಲಿಂಡರ್. ಒಬ್ಬ ಯುವ ಸಂಶೋಧಕ ಸತ್ತ, ಮೂವರು ಗಾಯಗೊಂಡರು. ಅಂಥ ಸಿಲಿಂಡರುಗಳು ರಸಾಯನಶಾಸ್ತ್ರ ವಿಭಾಗಗಳಲ್ಲೂ ಇರುತ್ತವೆ. ನಿಮ್ಮ ಕಾಲೇಜಿನ ಸಿಲಿಂಡರನ್ನು ಗೋಡೆಗೆ ಸರಪಳಿ ಹಾಕಿ ಬಿಗಿದಿದ್ದಾರೆಯೇ? ನಾಳೆಯೇ ಹೋಗಿ ನೋಡಿ.

ಈಗ ಕೆಲಸದ ಮಾತಿಗೆ ಬರೋಣ. ಅನಾಹುತ ಆದಾಗ ಏನು ಮಾಡಬೇಕು?

ಬಟ್ಟೆಗೆ ಬೆಂಕಿ ಹತ್ತಿದರೆ ಓಡಬೇಡಿ. ಓಡಿದರೆ ಗಾಳಿ ಸಿಕ್ಕಿ ಉರಿ ಜೋರಾಗುತ್ತದೆ. ಷವರ್ ಹತ್ತಿರವಿದ್ದರೆ ಅದರ ಕೆಳಗೆ ನಿಲ್ಲಿ. ಇಲ್ಲವೇ ನೆಲಕ್ಕೆ ಬಿದ್ದು ಹೊರಳಾಡಿ. ಪಕ್ಕದವರು ಗಾಬರಿಗೊಂಡರೆ ಹಿಡಿದು ಎಳೆದು ತನ್ನಿ.

ಆಸಿಡ್ಡೋ ಕ್ಷಾರವೋ ಮೈಮೇಲೆ ಬಿದ್ದರೆ ಬಟ್ಟೆ ಕಳಚಿ, ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಿರಿ. ಆಗ ನಾಚಿಕೆಗೆ ಜಾಗವಿಲ್ಲ. ಆಸಿಡ್ಡಿಗೆ ಕ್ಷಾರ ಹಾಕಿ ಸರಿಮಾಡುತ್ತೇನೆ ಎಂದು ಜಾಣತನ ತೋರಬೇಡಿ. ಅದರಿಂದ ಶಾಖ ಹುಟ್ಟಿ ಗಾಯ ಇನ್ನೂ ಕೆಡುತ್ತದೆ. ಕಣ್ಣಿಗೆ ಬಿದ್ದರೂ ಅಷ್ಟೇ: ರೆಪ್ಪೆ ಬಿಡಿಸಿ 15 ನಿಮಿಷ ನೀರು, ಆಮೇಲೆ ಆಸ್ಪತ್ರೆ.

ಹೈಡ್ರೋಫ್ಲೋರಿಕ್ ಆಸಿಡ್ ಮಾತ್ರ ಬೇರೆಯದೇ ರಾಕ್ಷಸ. ಮೊದಲು ನೋವೇ ಕಾಣದೆ ಒಳಗಿಳಿದು ಎಲುಬಿನ ತನಕ ಹೋಗುತ್ತದೆ. ಅದನ್ನು ಬಳಸುವ ಕಡೆ ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಇಲ್ಲದಿದ್ದರೆ ಆ ಬಾಟಲಿ ಮುಟ್ಟಲೇ ಬೇಡಿ.

ಸೋಡಿಯಂ ಹೊತ್ತಿದರೆ ನೀರು ಸುರಿಯಬೇಡಿ, ಒಣ ಮರಳು ಹಾಕಿ. ವಿಷ ನುಂಗಿದವರಿಗೆ ವೈದ್ಯರು ಹೇಳದೆ ವಾಂತಿ ಮಾಡಿಸಬೇಡಿ. ಒಳಗಿಳಿಯುವಾಗ ಸುಟ್ಟ ಆಸಿಡ್ ಮೇಲೆ ಬರುವಾಗ ಇನ್ನೊಮ್ಮೆ ಸುಡುತ್ತದೆ. 108ಕ್ಕೆ ಫೋನ್ ಮಾಡಿ. ಆ ಬಾಟಲಿಯ ಹೆಸರು ಬರೆದ ಚೀಟಿಯನ್ನು ಡಾಕ್ಟರ ಕೈಗೆ ಕೊಡಿ.

ಇನ್ನೊಂದು ಮಾತು. ಸುಟ್ಟ ಗಾಯಕ್ಕೆ ಶಾಯಿ ಹಚ್ಚುವ, ಟೂತ್‌ಪೇಸ್ಟ್ ಬಳಿಯುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಶಾಯಿ ನನ್ನ ಅನ್ನ, ಅದಕ್ಕೇ ಹೇಳುತ್ತೇನೆ: ಶಾಯಿ ಇರುವುದು ಕಾಗದಕ್ಕೆ, ಗಾಯಕ್ಕಲ್ಲ! ಗಾಯಕ್ಕೆ ಬೇಕಾದ್ದು ಹರಿಯುವ ತಣ್ಣೀರು.

ಗೆಳೆಯರೇ, ಈಗ ನಮ್ಮ ನುಡಿಯ ಮಾತು. ಬಾಟಲಿಯ ಮೇಲಿನ ಎಚ್ಚರಿಕೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಇಂಗ್ಲಿಷ್ ಇರಲಿ, ಬೇಡ ಎನ್ನುವುದಿಲ್ಲ. ಆದರೆ ಆ ಬಾಟಲಿ ಎತ್ತಿಡುವವರು ಯಾರು? ಅಟೆಂಡರ್. ಒಡೆದ ಗಾಜು ಗುಡಿಸುವವರು ಯಾರು? ಕಸ ಗುಡಿಸುವ ನಮ್ಮಮ್ಮಂದಿರು. ಕನ್ನಡ ಮಾಧ್ಯಮದಲ್ಲಿ ಓದಿ ಮೊದಲ ಸಲ ಪ್ರಯೋಗಾಲಯಕ್ಕೆ ಕಾಲಿಟ್ಟ ಹಳ್ಳಿಯ ಹುಡುಗನಿಗೆ ಆ ಚೀಟಿ ಅರ್ಥವಾಗುವುದು ಯಾವಾಗ? ಕೈ ಸುಟ್ಟ ಮೇಲೆಯೇ? ಕನ್ನಡದಲ್ಲಿ ಎಚ್ಚರಿಕೆ ಬರೆಯುವುದು ಅಭಿಮಾನದ ಪ್ರಶ್ನೆ ಮಾತ್ರವಲ್ಲ, ಪ್ರಾಣದ ಪ್ರಶ್ನೆ. ಕೆಂಪು ಅಂಚಿನ ಚೌಕದೊಳಗೆ ತಲೆಬುರುಡೆ ಇದ್ದರೆ ವಿಷ, ಜ್ವಾಲೆ ಇದ್ದರೆ ಬೆಂಕಿ, ಕೈಮೇಲೆ ಹನಿ ಬೀಳುವ ಚಿತ್ರವಿದ್ದರೆ ಚರ್ಮ ಸುಡುವಂಥದ್ದು. ಇದನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು?

ಮೊದಲ ದಿನವೇ ಮೇಷ್ಟ್ರನ್ನು ಕೇಳಿ: ಷವರ್ ಎಲ್ಲಿದೆ, ಅದರಲ್ಲಿ ನೀರು ಬರುತ್ತದೆಯೇ? ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ? ಹೊರಗೆ ಹೋಗುವ ಇನ್ನೊಂದು ಬಾಗಿಲಿಗೆ ಬೀಗ ಹಾಕಿಲ್ಲ ತಾನೇ? ಕೇಳುವುದು ಅವಿನಯವಲ್ಲ. ಒಬ್ಬರೇ ರಾತ್ರಿ ಕೂತು ಪ್ರಯೋಗ ಮಾಡುವುದು ಶೌರ್ಯವೂ ಅಲ್ಲ.

ನಿಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರಿಂದ ಒಂದು ಪುಟ ಕನ್ನಡದ ಸೂಚನೆ ಬರೆಸಿ, ತಿದ್ದಿಸಿ ತನ್ನಿ. ಕಾಗದದ ಖರ್ಚು ನಿಮ್ಮದು, ಅಚ್ಚಿನ ಕೂಲಿ ನಾನು ತೆಗೆದುಕೊಳ್ಳುವುದಿಲ್ಲ. ಮೆಷಿನ್ ಸಿದ್ಧವಾಗಿದೆ. ಬರೆಸಿ ತರುವವರು ಯಾರು, ಈಗಲೇ ಕೈ ಎತ್ತಿ!