ಕತ್ತರಿ ಬಿದ್ದದ್ದು ಚಿತ್ರಕ್ಕೋ, ಪ್ರೇಕ್ಷಕನಿಗೋ?

1991ರಲ್ಲಿ ಬ್ರಿಟನ್ನಿನ ಮಕ್ಕಳು ಕಾತರದಿಂದ ಕಾಯುತ್ತಿದ್ದ ಚಿತ್ರವೊಂದಿತ್ತು. ಮನುಷ್ಯರಂತೆ ಮಾತನಾಡುವ, ದುಷ್ಟರೊಡನೆ ಬಡಿದಾಡುವ ನಾಲ್ಕು ಆಮೆಗಳ 'ಟೀನೇಜ್ ಮ್ಯೂಟಂಟ್ ನಿಂಜಾ ಟರ್ಟಲ್ಸ್' ಸರಣಿಯ ಎರಡನೆಯ ಚಿತ್ರ ಅದು. ಅದರಲ್ಲಿ ಒಂದು ಆಮೆ ಮಾಂಸದ ಸಾಸೇಜುಗಳ ಸರವೊಂದನ್ನು ಕೈಗೆತ್ತಿಕೊಂಡು ಗಿರಗಿರನೆ ಬೀಸುತ್ತದೆ. ನೋಡಿದವರಿಗೆ ನಗು ತರಿಸುವ ದೃಶ್ಯ. ಆದರೆ ಬ್ರಿಟನ್ನಿನ ಚಲನಚಿತ್ರ ಮಂಡಳಿ ಅದಕ್ಕೆ ಕತ್ತರಿ ಹಾಕಿತು. ಕಾರಣ, ಬೀಸುವ ಆ ಸರ 'ನಂಚಾಕು' ಎಂಬ ಆಯುಧವನ್ನು ನೆನಪಿಗೆ ತರುತ್ತಿತ್ತು! ಎರಡು ಕೋಲುಗಳನ್ನು ಸರಪಳಿಯಿಂದ ಕೂಡಿಸಿದ ಆ ಆಯುಧ ಹುಡುಗರ ಕೈಗೆ ಬಂದರೆ ಬೀದಿಯಲ್ಲಿ ತಲೆಗಳು ಒಡೆಯುತ್ತವೆ ಎಂಬ ಭಯ ಮಂಡಳಿಗೆ ಬಹುಕಾಲ ಇತ್ತು. ಬ್ರೂಸ್ ಲೀಯ 'ಎಂಟರ್ ದ ಡ್ರ್ಯಾಗನ್' ಚಿತ್ರವೂ ಇದೇ ಭಯಕ್ಕೆ ಕತ್ತರಿಸಿಕೊಂಡಿತ್ತು. ಅದು ಇಡಿಯಾಗಿ ಬ್ರಿಟನ್ನಿನ ಮನೆಗಳಿಗೆ ಬಂದದ್ದು 2001ರಲ್ಲಿ.

ಸಾಸೇಜಿನ ಈ ಪ್ರಸಂಗ ನಗೆಪಾಟಲಿನದು ನಿಜ. ಆದರೆ ಬ್ರಿಟನ್ನಿನ ಸೆನ್ಸಾರ್ ಇತಿಹಾಸದ ತಿರುಳು ಅದರಲ್ಲಿಯೇ ಅಡಗಿದೆ. ಅಲ್ಲಿ ಕತ್ತರಿ ಹಿಡಿದವರು ತೆರೆಯ ಮೇಲೆ ಏನಿದೆ ಎಂದು ನೋಡಿದ್ದಕ್ಕಿಂತ ಹೆಚ್ಚಾಗಿ, ತೆರೆಯ ಮುಂದೆ ಯಾರು ಕುಳಿತಿದ್ದಾರೆ ಎಂದು ನೋಡಿದರು. ಕಾಲಕಾಲಕ್ಕೆ ಆ 'ಯಾರು' ಬದಲಾಗುತ್ತ ಹೋಯಿತು. ಮೊದಲು ಕಾರ್ಮಿಕ, ಆಮೇಲೆ ಪಡ್ಡೆ ಹುಡುಗ, ಕೊನೆಗೆ ಮನೆಯ ಟಿವಿಯ ಮುಂದೆ ಒಂಟಿಯಾಗಿ ಕುಳಿತ ಮಗು.

ಈ ವ್ಯವಸ್ಥೆ ಹುಟ್ಟಿದ ಬಗೆಯೇ ವಿಚಿತ್ರ. ಆರಂಭದ ದಿನಗಳ ಚಿತ್ರಸುರುಳಿ ನೈಟ್ರೇಟಿನದು. ಕಿಡಿ ತಾಕಿದರೆ ಭಗ್ಗನೆ ಹತ್ತಿಕೊಳ್ಳುವಂಥದ್ದು. ಬೆಂಕಿ ಅನಾಹುತಗಳನ್ನು ತಡೆಯಲು 1909ರಲ್ಲಿ ಸಿನಿಮಟೋಗ್ರಾಫ್ ಕಾಯಿದೆ ಬಂತು. ಚಿತ್ರಮಂದಿರಗಳಿಗೆ ಲೈಸೆನ್ಸ್ ಕೊಡುವ ಅಧಿಕಾರ ಸ್ಥಳೀಯ ಸಂಸ್ಥೆಗಳ ಪಾಲಾಯಿತು. ಲೈಸೆನ್ಸಿನ ಷರತ್ತು ಬೆಂಕಿಗಷ್ಟೇ ಸೀಮಿತವಾಗಬೇಕಿಲ್ಲ ಎಂದು 1911ರಲ್ಲಿ ನ್ಯಾಯಾಲಯ ಹೇಳಿತು. ಅಲ್ಲಿಗೆ ಬೆಂಕಿ ನಂದಿಸಲು ಬಂದ ಕಾಯಿದೆ ಕಥೆಯನ್ನೂ ತಪಾಸಣೆ ಮಾಡುವ ಕಾಯಿದೆಯಾಯಿತು.

ಊರಿಗೊಂದು ನೀತಿಯಾದರೆ ವ್ಯಾಪಾರ ಮಾಡುವುದು ಹೇಗೆ? ಕಂಗಾಲಾದ ಚಿತ್ರೋದ್ಯಮ 1912ರಲ್ಲಿ ತಾನೇ ಒಂದು ಮಂಡಳಿಯನ್ನು ಕಟ್ಟಿಕೊಂಡಿತು. ಅದೇ ಬ್ರಿಟಿಷ್ ಬೋರ್ಡ್ ಆಫ್ ಫಿಲ್ಮ್ ಸೆನ್ಸಾರ್ಸ್. ಇದು ಸರ್ಕಾರದ ಇಲಾಖೆಯಲ್ಲ ಎಂಬುದನ್ನು ಗಮನಿಸಬೇಕು. ಚಿತ್ರ ತಂದವರು ಕೊಡುವ ಶುಲ್ಕವೇ ಇದರ ಆದಾಯ. 1913ರ ಜನವರಿ 1ರಂದು ಕೆಲಸ ಶುರುವಾದಾಗ ಇದ್ದದ್ದು 'ಯು' ಮತ್ತು 'ಎ' ಎಂಬ ಎರಡೇ ಪ್ರಮಾಣಪತ್ರ. ಕಡ್ಡಾಯ ನಿಯಮಗಳೂ ಎರಡೇ: ನಗ್ನತೆ ಕೂಡದು, ಯೇಸುಕ್ರಿಸ್ತನನ್ನು ತೆರೆಯ ಮೇಲೆ ತೋರಿಸಕೂಡದು. ಮಂಡಳಿ ಏನೇ ಹೇಳಿದರೂ ಕೊನೆಯ ಮಾತು ಸ್ಥಳೀಯ ಸಂಸ್ಥೆಯದು. ಚಿತ್ರಮಂದಿರಗಳ ಮಟ್ಟಿಗೆ ಈ ಏರ್ಪಾಡು ಇಂದಿಗೂ ಬದಲಾಗಿಲ್ಲ.

ಎರಡು ನಿಯಮಗಳು ಬೆಳೆಯಲು ಹೆಚ್ಚು ಕಾಲ ಬೇಕಾಗಲಿಲ್ಲ. 1916ರಲ್ಲಿ ಅಧ್ಯಕ್ಷರಾದ ಟಿ.ಪಿ. ಓಕಾನರ್ ಕಾಲದಲ್ಲಿ ಕತ್ತರಿಗೆ 43 ಕಾರಣಗಳ ಪಟ್ಟಿಯೇ ತಯಾರಾಯಿತು. ಬಂಡವಾಳಗಾರರಿಗೂ ಕಾರ್ಮಿಕರಿಗೂ ನಡುವಣ ಸಂಬಂಧ ಅದರಲ್ಲಿ ಒಂದು. ನಮಗೆ ಕುತೂಹಲ ಹುಟ್ಟಿಸುವ ಇನ್ನೊಂದು ಕಾರಣವೂ ಆ ಪಟ್ಟಿಯಲ್ಲಿತ್ತು: ಭಾರತದ ಕಥೆಯಲ್ಲಿ ಬ್ರಿಟಿಷ್ ಅಧಿಕಾರಿಗಳನ್ನು ಕೆಟ್ಟವರಂತೆ ತೋರಿಸುವುದು, ದೇಶೀ ಸಂಸ್ಥಾನಗಳ ನಿಷ್ಠೆಯನ್ನು ಶಂಕಿಸುವಂತೆ ಚಿತ್ರಿಸುವುದು. ಮೈಸೂರು, ಹೈದರಾಬಾದುಗಳ ರಾಜನಿಷ್ಠೆಯ ಚಿಂತೆ ಲಂಡನ್ನಿನ ಸೆನ್ಸಾರ್ ಕೋಣೆಯವರೆಗೂ ಹೋಗಿತ್ತು ಎಂದಾಯಿತು!

ಪ್ರೇಕ್ಷಕನ ಭಯ ಎಂದರೇನು ಎಂಬುದಕ್ಕೆ ಐಸೆನ್‌ಸ್ಟೈನನ 'ಬ್ಯಾಟಲ್‌ಶಿಪ್ ಪೊಟೆಮ್‌ಕಿನ್' ಒಳ್ಳೆಯ ನಿದರ್ಶನ. ರಷ್ಯದ ನಾವಿಕರು ದಂಗೆ ಏಳುವ ಈ ಚಿತ್ರಕ್ಕೆ 1926ರಲ್ಲಿ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಬ್ರಿಟನ್ನಿನಲ್ಲಿ ಕಾರ್ಮಿಕರ ಸಾರ್ವತ್ರಿಕ ಮುಷ್ಕರ ನಡೆದ ವರ್ಷ ಅದು. ಆದರೆ 1929ರಲ್ಲಿ ಲಂಡನ್ನಿನ ಫಿಲ್ಮ್ ಸೊಸೈಟಿ ತನ್ನ ಸದಸ್ಯರಿಗಾಗಿ ಅದೇ ಚಿತ್ರವನ್ನು ತೋರಿಸಿತು. ಚಂದಾ ತೆತ್ತು ಬರುವ ಸುಶಿಕ್ಷಿತರು ನೋಡಿದರೆ ಅದು ಕಲೆ, ಆರು ಕಾಸಿನ ಟಿಕೆಟ್ಟಿನ ಕಾರ್ಮಿಕ ನೋಡಿದರೆ ಅದು ಕ್ರಾಂತಿ!

ಕಾರ್ಮಿಕರೂ ಸುಮ್ಮನೆ ಕೂರಲಿಲ್ಲ. ಕಾಯಿದೆ ಇದ್ದದ್ದು ಹೊತ್ತಿಕೊಳ್ಳುವ ಚಿತ್ರಸುರುಳಿಗೆ ತಾನೆ? 1930ರ ದಶಕದಲ್ಲಿ 'ಕಿನೊ' ಎಂಬ ಎಡಪಂಥೀಯ ಸಂಘಟನೆ ಬೆಂಕಿ ಹತ್ತದ 16 ಎಂಎಂ ಸುರುಳಿಗಳಲ್ಲಿ ಈ ಚಿತ್ರವನ್ನು ಸಭಾಭವನಗಳಿಗೆ ಹೊತ್ತೊಯ್ದು ತೋರಿಸಿತು. ಪೊಲೀಸರು ಮೊಕದ್ದಮೆ ಹೂಡಿದರೂ ಗೆಲ್ಲಲಿಲ್ಲ. ಮಂಡಳಿ ಚಿತ್ರಕ್ಕೆ ಒಪ್ಪಿಗೆ ಕೊಟ್ಟದ್ದು 1954ರಲ್ಲಿ, ಅದೂ ವಯಸ್ಕರಿಗೆ ಮಾತ್ರ ಎಂಬ 'ಎಕ್ಸ್' ಮುದ್ರೆಯೊಂದಿಗೆ. 1987ರ ಹೊತ್ತಿಗೆ ಅದೇ ಚಿತ್ರ, ಅಪ್ಪ ಅಮ್ಮಂದಿರ ವಿವೇಚನೆಗೆ ಬಿಟ್ಟದ್ದು ಎಂಬರ್ಥದ 'ಪಿಜಿ' ಆಗಿತ್ತು. ಚಿತ್ರ ಬದಲಾಗಲಿಲ್ಲ, ಭಯ ಮಾತ್ರ ಆರಿತ್ತು.

ಯುದ್ಧಾನಂತರದ ಭಯವೆಂದರೆ ಪಡ್ಡೆ ಹುಡುಗ. ಮರ್ಲಾನ್ ಬ್ರಾಂಡೊ ಮೋಟಾರ್ ಸೈಕಲ್ ತಂಡದ ನಾಯಕನಾಗಿ ನಟಿಸಿದ 'ದ ವೈಲ್ಡ್ ಒನ್' ಚಿತ್ರವನ್ನು 1954ರಲ್ಲಿ ಮಂಡಳಿ ತಿರಸ್ಕರಿಸಿತು. ಪುಂಡ ಹುಡುಗರಿಗೆ ಇದು ಪಾಠವಾದೀತು ಎಂಬುದು ವಾದ. ಹದಿಮೂರು ವರ್ಷ ತಡೆಹಿಡಿದು 1967ರಲ್ಲಿ ಬಿಟ್ಟರು. ಆ ವೇಳೆಗೆ ಅದನ್ನು ನೋಡಿ ಕೆಡಬಹುದಾಗಿದ್ದ ಹುಡುಗರು ಮದುವೆಯಾಗಿ ಮಕ್ಕಳೊಂದಿಗರಾಗಿದ್ದರು.

ಸ್ಥಳೀಯ ಸಂಸ್ಥೆಗಳ ಅಧಿಕಾರ ಕಾಗದದ ಮೇಲಷ್ಟೇ ಇರಲಿಲ್ಲ. 1979ರಲ್ಲಿ 'ಮಾಂಟಿ ಪೈಥಾನ್' ತಂಡದ ಹಾಸ್ಯಚಿತ್ರ 'ಲೈಫ್ ಆಫ್ ಬ್ರಯಾನ್' ಬಂದಾಗ ಮಂಡಳಿ ಒಂದು ಅಡಿಯನ್ನೂ ಕತ್ತರಿಸದೆ 14 ವರ್ಷ ದಾಟಿದವರಿಗೆಂದು ಒಪ್ಪಿಗೆ ನೀಡಿತು. ಕ್ರಿಸ್ತನ ಕಾಲದಲ್ಲಿ ನೆರೆಮನೆಯಲ್ಲಿ ಹುಟ್ಟಿದ ಪಾಪದವನೊಬ್ಬನ ಕಥೆ ಅದು. ದೈವನಿಂದೆ ಎಂದು ಹಲವು ಊರಿನ ಆಡಳಿತಗಳು ಅದನ್ನು ತಡೆದವು. ವಿನೋದವೆಂದರೆ, ಹೀಗೆ ತಡೆದ ಕೆಲವರ ವ್ಯಾಪ್ತಿಯಲ್ಲಿ ಚಿತ್ರಮಂದಿರವೇ ಇರಲಿಲ್ಲ. ಗ್ಲಾಸ್ಗೊ ನಗರ ತನ್ನ ನಿಷೇಧವನ್ನು ಹಿಂದೆಗೆದುಕೊಂಡದ್ದು 2009ರಲ್ಲಿ.

ಇಷ್ಟು ಹೊತ್ತೂ ಚಿತ್ರಮಂದಿರಕ್ಕೆ ಬಾಗಿಲಿತ್ತು, ಬಾಗಿಲಲ್ಲಿ ಟಿಕೆಟ್ ಹರಿಯುವವನಿದ್ದ. ವಿಡಿಯೊ ಕ್ಯಾಸೆಟ್ ಬಂದದ್ದೇ ತಡ, ಎರಡೂ ಮಾಯವಾದವು. 1980ರ ಸುಮಾರಿಗೆ ಬ್ರಿಟನ್ನಿನ ಬೀದಿಬೀದಿಗಳಲ್ಲಿ ಕ್ಯಾಸೆಟ್ ಅಂಗಡಿಗಳು ತಲೆಯೆತ್ತಿದವು. ಚಿತ್ರಮಂದಿರಕ್ಕಿದ್ದ ಕಾನೂನು ಕ್ಯಾಸೆಟ್ಟಿಗೆ ಇರಲಿಲ್ಲ. ರಕ್ತ ಚಿಮ್ಮುವ ಮುಖಪುಟಗಳ ಅಗ್ಗದ ಭಯಾನಕ ಚಿತ್ರಗಳು ಶಾಲೆಯ ಹುಡುಗರ ಕೈಗೂ ಸಿಗತೊಡಗಿದವು. ಪತ್ರಿಕೆಗಳು ಇವಕ್ಕೆ 'ವಿಡಿಯೊ ನ್ಯಾಸ್ಟಿ' ಎಂದು ಹೆಸರಿಟ್ಟು ಹುಯಿಲೆಬ್ಬಿಸಿದವು. ಮೇರಿ ವೈಟ್‌ಹೌಸ್ ನೇತೃತ್ವದ ನೈತಿಕ ಚಳವಳಿ ಸಂಸತ್ತಿನ ಬಾಗಿಲು ಬಡಿಯಿತು.

ಸರ್ಕಾರಿ ಅಭಿಯೋಜಕರ ಕಚೇರಿ ತಯಾರಿಸಿದ ಪಟ್ಟಿಯಲ್ಲಿ ಒಂದಲ್ಲ ಒಂದು ಕಾಲಕ್ಕೆ ಸೇರಿದ ಚಿತ್ರಗಳು 72. ಅವುಗಳಲ್ಲಿ 39 ಚಿತ್ರಗಳ ವಿರುದ್ಧದ ಮೊಕದ್ದಮೆಗಳು ಗೆದ್ದವು. 1984ರಲ್ಲಿ ವಿತರಕನೊಬ್ಬನಿಗೆ ಜೈಲು ಶಿಕ್ಷೆಯೂ ಆಯಿತು. ಅಂಗಡಿಗಳ ಮೇಲೆ ದಾಳಿ ಮಾಡಿದ ಪೊಲೀಸರು ಹೆಸರು ನೋಡಿಯೇ ಮೋಸಹೋಗಿ 'ದ ಬಿಗ್ ರೆಡ್ ಒನ್' ಎಂಬ ಯುದ್ಧದ ಚಿತ್ರವನ್ನು ಹೊತ್ತೊಯ್ದ ಕಥೆಯನ್ನು ಈಗಲೂ ಹೇಳುತ್ತಾರೆ. ಗ್ರಹಾಂ ಬ್ರೈಟ್ ಎಂಬ ಸಂಸದ ಮಂಡಿಸಿದ ಖಾಸಗಿ ಮಸೂದೆ 1984ರಲ್ಲಿ ವಿಡಿಯೊ ರೆಕಾರ್ಡಿಂಗ್ಸ್ ಕಾಯಿದೆಯಾಯಿತು. ಮಂಡಳಿಯ ಪ್ರಮಾಣಪತ್ರವಿಲ್ಲದ ಕ್ಯಾಸೆಟ್ ಮಾರುವುದು, ಬಾಡಿಗೆಗೆ ಕೊಡುವುದು ಅಪರಾಧವಾಯಿತು. ಅದುವರೆಗೆ ಉದ್ಯಮದ ಖಾಸಗಿ ಸಂಸ್ಥೆಯಾಗಿದ್ದ ಮಂಡಳಿಗೆ ಮೊದಲ ಬಾರಿಗೆ ಕಾನೂನಿನ ಬಲ ಬಂತು. ತಮಾಷೆ ನೋಡಿ, ಇದೇ ಹೊತ್ತಿನಲ್ಲಿ ಅದು ತನ್ನ ಹೆಸರಿನಿಂದ 'ಸೆನ್ಸಾರ್' ಪದವನ್ನು ಕಿತ್ತು 'ವರ್ಗೀಕರಣ' ಮಂಡಳಿಯಾಯಿತು.

ಹೊಸ ಕಾಯಿದೆಯಲ್ಲಿ ಒಂದು ಮಾತು ಮುಖ್ಯ: ಈ ಚಿತ್ರ ಮನೆಯಲ್ಲಿ ನೋಡಲು ತಕ್ಕುದೇ ಎಂದು ಪರಿಶೀಲಿಸಬೇಕು. ಅಂದರೆ, ಕ್ಯಾಸೆಟ್ಟಿನ ಮೇಲೆ '18' ಎಂದಿದ್ದರೂ ಅದು ಹತ್ತು ವರ್ಷದವನ ಕೈಗೆ ಸಿಗುವುದೆಂದೇ ಎಣಿಸಬೇಕು. ಇದರಿಂದ ಒಂದೇ ಚಿತ್ರಕ್ಕೆ ಎರಡು ನ್ಯಾಯವಾಯಿತು. 'ದ ಎಕ್ಸಾರ್ಸಿಸ್ಟ್' 1974ರಲ್ಲಿ ಕತ್ತರಿಯಿಲ್ಲದೆ ಚಿತ್ರಮಂದಿರಗಳಲ್ಲಿ ತೆರೆಕಂಡಿತ್ತು. ಕಾಯಿದೆ ಬರುವ ಮುನ್ನ ಅದರ ಕ್ಯಾಸೆಟ್ಟೂ ಅಂಗಡಿಯಲ್ಲಿತ್ತು. ಆಮೇಲೆ ಅದಕ್ಕೆ ವಿಡಿಯೊ ಪ್ರಮಾಣಪತ್ರ ಸಿಗಲಿಲ್ಲ. ಮಂಡಳಿಯ ನಿರ್ದೇಶಕ ಜೇಮ್ಸ್ ಫರ್ಮನ್ ಅವರಿಗೆ ಎಳೆಯ ಹುಡುಗಿಯರ ಮನಸ್ಸಿನ ಮೇಲೆ ಅದು ಬೀರಬಹುದಾದ ಪರಿಣಾಮದ ಚಿಂತೆ. ಲಂಡನ್ನಿನ ನಾಗರಿಕ ಚಿತ್ರಮಂದಿರದಲ್ಲಿ ನೋಡಬಹುದಾದ ಚಿತ್ರವನ್ನು ತನ್ನ ಮನೆಯಲ್ಲಿ ನೋಡುವಂತಿರಲಿಲ್ಲ. ಅದು ಬಿಡುಗಡೆಯಾದದ್ದು ಫರ್ಮನ್ ನಿವೃತ್ತರಾದ 1999ರಲ್ಲಿ.

ಆದರೆ ಸೆನ್ಸಾರಿನ ಭಯವೆಲ್ಲ ಬರೀ ಭ್ರಮೆ ಎಂದು ನಕ್ಕು ಕೈತೊಳೆದುಕೊಳ್ಳುವುದೂ ಸರಿಯಲ್ಲ. 1993ರಲ್ಲಿ ಲಿವರ್‌ಪೂಲ್ ಬಳಿ ಎರಡು ವರ್ಷದ ಮಗುವೊಂದನ್ನು ಹತ್ತು ವರ್ಷದ ಇಬ್ಬರು ಹುಡುಗರು ಕೊಂದಾಗ ಇಡೀ ದೇಶ ನಡುಗಿತು. ಹಿಂಸೆಯ ವಿಡಿಯೊಗಳು ಇದಕ್ಕೆ ಭಾಗಶಃ ಕಾರಣವಿರಬಹುದು ಎಂಬರ್ಥದ ಮಾತನ್ನು ನ್ಯಾಯಾಧೀಶರು ಆಡಿದರು. ಪತ್ರಿಕೆಗಳು 'ಚೈಲ್ಡ್ಸ್ ಪ್ಲೇ 3' ಚಿತ್ರದತ್ತ ಬೆರಳು ತೋರಿಸಿದವು. ಹುಡುಗರು ಅದನ್ನು ನೋಡಿದ್ದರು ಎಂಬುದಕ್ಕೆ ಪೊಲೀಸರಿಗೆ ಪುರಾವೆ ಸಿಗಲಿಲ್ಲ. ಆದರೂ 1994ರಲ್ಲಿ ಕಾಯಿದೆ ಬಿಗಿಯಾಯಿತು. ನೋಡುವವನಿಗೆ, ಅವನ ನಡತೆಯಿಂದ ಸಮಾಜಕ್ಕೆ ಆಗಬಹುದಾದ ಹಾನಿಯನ್ನು ಮಂಡಳಿ ವಿಶೇಷವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. ಮಗುವೊಂದರ ಸಾವಿಗೆ ಸಮಾಜ ಕಾರಣ ಹುಡುಕುವುದು ಸಹಜ. ಆದರೆ ಕೈಗೆಟಕುವ ಕಾರಣವೇ ನಿಜವಾದ ಕಾರಣವಾಗಿರಬೇಕೆಂದಿಲ್ಲ.

2000ದ ಸುಮಾರಿಗೆ ಗಾಳಿ ಬದಲಾಯಿತು. ಮಂಡಳಿ ಜನರ ಅಭಿಪ್ರಾಯ ಕೇಳಿ ಮಾರ್ಗಸೂಚಿ ಪ್ರಕಟಿಸಿತು. ಕಾನೂನಿನ ಮಿತಿಯೊಳಗೆ ವಯಸ್ಕರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲಿ ಎಂಬುದು ಅದರ ಸಾರ. 1975ರಲ್ಲಿ ತಿರಸ್ಕೃತವಾಗಿದ್ದ 'ಟೆಕ್ಸಾಸ್ ಚೈನ್ ಸಾ ಮ್ಯಾಸಕರ್' 1999ರಲ್ಲೂ, 'ದ ಈವಿಲ್ ಡೆಡ್' 2001ರಲ್ಲೂ ಕತ್ತರಿಯಿಲ್ಲದೆ ಹೊರಬಂದವು. 2002ರಲ್ಲಿ '12ಎ' ಎಂಬ ಹೊಸ ದರ್ಜೆ ಬಂತು. ಹನ್ನೆರಡು ತುಂಬದ ಮಗುವನ್ನು ದೊಡ್ಡವರು ಜೊತೆಗಿದ್ದು ಕರೆದೊಯ್ಯಬಹುದು. ನಿರ್ಧಾರ ಮಂಡಳಿಯಿಂದ ಮನೆಯವರ ಕೈಗೆ ದಾಟಿತು.

ಕತ್ತರಿ ಪೂರ್ತಿ ಮೂಲೆ ಸೇರಿಲ್ಲ. 2011ರಲ್ಲಿ 'ದ ಹ್ಯೂಮನ್ ಸೆಂಟಿಪೀಡ್ 2' ಮೊದಲು ತಿರಸ್ಕೃತವಾಗಿ, ಆಮೇಲೆ 32 ಕಡೆ ಕತ್ತರಿಸಿಕೊಂಡು ಹೊರಬಂತು. ಚಿತ್ರೀಕರಣಕ್ಕಾಗಿ ಪ್ರಾಣಿಗಳನ್ನು ಹಿಂಸಿಸಿದ ದೃಶ್ಯ ತೋರಿಸಬಾರದೆಂಬ 1937ರ ಕಾಯಿದೆ ಈಗಲೂ ಇದೆ. ಅದನ್ನು ತಪ್ಪೆನ್ನುವವರು ವಿರಳ. ಅಲ್ಲಿ ಪೆಟ್ಟು ತಿಂದ ಕುದುರೆ ನಿಜವಾದದ್ದು, ಭಯಪಟ್ಟವನ ಕಲ್ಪನೆಯದಲ್ಲ.

ಈ ಕಥೆಗೆ ಒಂದು ಅನಿರೀಕ್ಷಿತ ಬಾಲವಿದೆ. 1984ರ ಕಾಯಿದೆಯನ್ನು ಯುರೋಪಿಯನ್ ಆಯೋಗಕ್ಕೆ ವಿಧಿವತ್ತಾಗಿ ತಿಳಿಸಬೇಕಿತ್ತು. ಯಾರೂ ತಿಳಿಸಿರಲಿಲ್ಲ ಎಂಬುದು 2009ರ ಆಗಸ್ಟಿನಲ್ಲಿ ಬಯಲಾಯಿತು. ಅಷ್ಟು ವರ್ಷ ಅಂಗಡಿಯವರಿಗೆ ದಂಡ ಹಾಕಿದ ಕಾಯಿದೆ ಜಾರಿಗೆ ಯೋಗ್ಯವೇ ಆಗಿರಲಿಲ್ಲ! 2010ರ ಆರಂಭದಲ್ಲಿ ಸಂಸತ್ತು ಅದನ್ನೇ ಮತ್ತೊಮ್ಮೆ ಅಂಗೀಕರಿಸಿತು. ಹಳೆಯ ಶಿಕ್ಷೆಗಳು ಹಾಗೆಯೇ ಉಳಿದವು.

ಇದು ನಮಗೆ ಪರಕೀಯ ಕಥೆಯಲ್ಲ. ಭಾರತಕ್ಕೆ 1918ರಲ್ಲಿ ಸಿನಿಮಟೋಗ್ರಾಫ್ ಕಾಯಿದೆ ತಂದವರು ಅದೇ ಆಳರಸರು. ಚಿತ್ರ ಶುರುವಾಗುವ ಮುನ್ನ ನಮ್ಮ ತೆರೆಯ ಮೇಲೆ ಮೂಡುವ 'ಯು', 'ಎ' ಅಕ್ಷರಗಳ ಬೇರು ಲಂಡನ್ನಿನಲ್ಲಿದೆ. ನಮ್ಮ ಮಂಡಳಿಯೂ 1983ರಲ್ಲಿ 'ಸೆನ್ಸಾರ್' ಹೆಸರು ಬಿಟ್ಟು 'ಪ್ರಮಾಣೀಕರಣ' ಮಂಡಳಿಯಾಯಿತು. 2024ರಲ್ಲಿ 'ಯುಎ' ದರ್ಜೆ 7, 13, 16 ವರ್ಷಗಳೆಂದು ಮೂರಾಗಿ ಒಡೆಯಿತು. ಹೆಸರು ಬದಲಾದರೂ ಜನರ ಬಾಯಲ್ಲಿ ಅದು ಸೆನ್ಸಾರ್ ಬೋರ್ಡೇ.

ಬ್ರಿಟನ್ನಿನ ನೂರು ವರ್ಷಗಳ ಅನುಭವ ಹೇಳುವುದು ಸರಳವಾದ ಮಾತು. ವಯಸ್ಸಿನ ಗುರುತು ಹಾಕಿ ಎಚ್ಚರಿಸುವುದು ಬೇರೆ, ಎಲ್ಲರ ಪರವಾಗಿ ಒಬ್ಬರೇ ಹೆದರುವುದು ಬೇರೆ. ಮೊದಲನೆಯದರಿಂದ ತಾಯ್ತಂದೆಯರಿಗೆ ನೆರವಾಗುತ್ತದೆ. ಎರಡನೆಯದರಲ್ಲಿ ದೊಡ್ಡವರೂ ಮಕ್ಕಳಾಗಿಬಿಡುತ್ತಾರೆ. ಮುಂದಿನ ಬಾರಿ ಯಾವುದಾದರೂ ಚಿತ್ರವನ್ನು ನಿಷೇಧಿಸಬೇಕೆಂಬ ಕೂಗು ಎದ್ದಾಗ ಚಿತ್ರದಲ್ಲಿ ಏನಿದೆ ಎಂದು ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕು: ಇದನ್ನು ಯಾರು ನೋಡುವರೆಂದು ಇವರಿಗೆ ಇಷ್ಟು ಭಯ?